ಸಮರ್ಕಂದದ ಸಮಾಧಿ ವರ್ಷ ವರ್ಷ ಬೆಳೆಯುತ್ತದೆಯೇ?

ಪ್ರಶ್ನೆ: ಉಜ್ಬೇಕಿಸ್ತಾನದ ಸಮರ್ಕಂದದಲ್ಲಿ ಬೈಬಲಿನ ಪ್ರವಾದಿ ದಾನಿಯೇಲರ ಗೋರಿ 18 ಮೀಟರ್ ಉದ್ದ ಇದೆಯಂತೆ. ಒಳಗಿನ ದೇಹ ಈಗಲೂ ಬೆಳೆಯುತ್ತಿದೆ ಅನ್ನುವುದು ನಿಜವೇ?

ನಿಜವಲ್ಲ. ಸಮರ್ಕಂದದ ಮಾತು ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಹಸಿರು ಮಖಮಲ್ಲು ಹೊದಿಸಿದ ಆ ಉದ್ದನೆಯ ಗೋರಿಯ ಫೋಟೊ ವಾಟ್ಸಾಪಿನಲ್ಲಿ ಓಡಾಡುತ್ತದೆ, ಜೊತೆಗೆ ಈ ಕಥೆಯೂ. ಈ ಸಲ ಪೂರ್ತಿ ಬಿಡಿಸಿಯೇ ಹೇಳುತ್ತೇನೆ.

ಗೋರಿ ಅಷ್ಟುದ್ದ ಇರುವುದು ಹೌದು. ಆದರೆ ಕಣ್ಣಿಗೆ ಕಾಣುವುದು ನೆಲದ ಮೇಲೆ ಕಟ್ಟಿದ ಗುರುತು. ವಿಜಯಪುರದ ಗೋಲಗುಮ್ಮಟದಲ್ಲೂ ಹಾಗೇ ಅಲ್ವಾ? ಕಟ್ಟೆಯ ಮೇಲಿನ ಗೋರಿಗಳು ಗುರುತಿಗೆ, ಸುಲ್ತಾನನನ್ನು ಹೂಳಿರುವುದು ಕೆಳಗಿನ ನೆಲಮಾಳಿಗೆಯಲ್ಲಿ. ಗುರುತಿನ ಉದ್ದ ನೋಡಿ ದೇಹದ ಉದ್ದ ಹೇಳಲು ಬರುವುದಿಲ್ಲ.

ಇನ್ನು ಲೆಕ್ಕ. ವರ್ಷಕ್ಕೆ ಅರ್ಧ ಇಂಚು ಬೆಳೆಯುತ್ತದೆ ಅನ್ನುತ್ತಾರೆ. ದಾನಿಯೇಲರ ಕಾಲದಿಂದ ಸುಮಾರು 2,500 ವರ್ಷ ಹಿಡಿಯಿರಿ. 1,250 ಇಂಚು, ಅಂದರೆ 31 ಮೀಟರ್ ದಾಟುತ್ತದೆ. ಬೇಡ, ಸಮರ್ಕಂದವನ್ನು ರಾಜಧಾನಿ ಮಾಡಿಕೊಂಡಿದ್ದ ದೊರೆ ತೈಮೂರ ದಾನಿಯೇಲರ ಅವಶೇಷ ಅಲ್ಲಿಗೆ ತಂದನೆಂಬ ಕಾಲದಿಂದ ಹಿಡಿಯಿರಿ. 600 ವರ್ಷಕ್ಕೆ 7.6 ಮೀಟರ್. ಅದಕ್ಕೆ ಒಬ್ಬ ಆಳಿನ ಎತ್ತರ ಸೇರಿಸಿದರೂ 18ರ ಹತ್ತಿರ ಬರುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅಲ್ಲಿ ಹೇಳುವ ಕಥೆಯ ಪ್ರಕಾರವೇ ತೈಮೂರ ಇರಾನಿನ ಸೂಸಾದಿಂದ ತಂದದ್ದು ಒಂದು ಕೈ ಮಾತ್ರ. ಪೂರ್ತಿ ದೇಹವೇ ಇಲ್ಲದಿದ್ದರೆ ಬೆಳೆಯುವುದು ಯಾವುದು?

ಮತ್ತೆ ಇಷ್ಟುದ್ದ ಯಾಕೆ? ಪ್ರವಾದಿಗಳಿಗೆ ಉದ್ದ ಗೋರಿ ಕಟ್ಟುವುದು ಗೌರವದ ಒಂದು ರೂಢಿ. ಒಮಾನಿನ ಸಲಾಲಾದಲ್ಲಿ ನಬಿ ಇಮ್ರಾನರ ಗೋರಿ ಸುಮಾರು 30 ಮೀಟರ್ ಇದೆ. ಕರಾವಳಿಯಿಂದ ಅಲ್ಲಿಗೆ ದುಡಿಯಲು ಹೋದ ಎಷ್ಟೋ ಮಂದಿ ಅದನ್ನು ಕಂಡಿರುತ್ತಾರೆ. ಅವಶೇಷ ಸರಿಯಾಗಿ ಎಲ್ಲಿದೆ ಎಂದು ಕಳ್ಳರಿಗೆ ತಿಳಿಯದಿರಲಿ ಅಂತ ಉದ್ದ ಕಟ್ಟಿದರು ಎಂಬ ಮಾತೂ ಸಮರ್ಕಂದದಲ್ಲಿದೆ. ಐದು ಸಣ್ಣ ಗುಮ್ಮಟಗಳ ಈಗಿನ ಕಟ್ಟಡವಂತೂ 20ನೇ ಶತಮಾನದ ಆರಂಭದ್ದು.

ಹಾಗಾದರೆ ದಾನಿಯೇಲರನ್ನು ನಿಜವಾಗಿ ಹೂಳಿದ್ದೆಲ್ಲಿ? ನೀವು ಕೇಳಲಿಲ್ಲ, ಆದರೂ ಕೇಳಬೇಕಾದ ಪ್ರಶ್ನೆ ಇದು. ಅವರು ಎಲ್ಲಿ ತೀರಿಕೊಂಡರೆಂದು ಬೈಬಲ್ ಹೇಳುವುದಿಲ್ಲ. ಶೂಷನ್ ಕೋಟೆಯಲ್ಲಿ ಕಂಡ ದರ್ಶನ ಮಾತ್ರ ಅದರಲ್ಲಿದೆ. ಆ ಶೂಷನ್ನೇ ಸೂಸಾ, ಈಗಿನ ಶೂಶ್ ಊರು. ಕುರಾನಿನಲ್ಲಿ ಅವರ ಹೆಸರೇ ಇಲ್ಲ, ಆದರೂ ಮುಸ್ಲಿಮರು ದಾನಿಯಾಲ್ ಎಂದು ಗೌರವಿಸುತ್ತಾರೆ. ಇರಾಕಿನ ಕಿರ್ಕೂಕಿನಲ್ಲೂ ಅವರದೆನ್ನುವ ಸಮಾಧಿ ಇದೆ.

ಇವುಗಳಲ್ಲಿ ಹಳೆಯ ದಾಖಲೆ ಇರುವುದು ಸೂಸಾಕ್ಕೇ. 12ನೇ ಶತಮಾನದ ಯಹೂದಿ ಪ್ರವಾಸಿ ಟುಡೆಲಾದ ಬೆಂಜಮಿನ್ ಅಲ್ಲಿನ ಒಂದು ಜಗಳ ಬರೆದಿಟ್ಟಿದ್ದಾನೆ. ನದಿಯ ಒಂದು ದಡದಲ್ಲಿ ಸಿರಿವಂತರು, ಇನ್ನೊಂದು ದಡದಲ್ಲಿ ಬಡವರು. ಶವಪೆಟ್ಟಿಗೆ ತಮ್ಮ ಕಡೆ ಇದ್ದರೆ ಏಳಿಗೆ ಎಂದು ಇಬ್ಬರೂ ಹೊಡೆದಾಡಿದರು. ಕೊನೆಗೆ ಒಂದೊಂದು ವರ್ಷ ಒಂದೊಂದು ದಡದಲ್ಲಿ ಇಡುವುದೆಂದಾಯಿತು. ಹೀಗೆ ಹೊತ್ತು ತಿರುಗುವುದು ಪ್ರವಾದಿಗೆ ಅವಮಾನ ಎಂದು ಸುಲ್ತಾನ ಸಂಜರ ಪೆಟ್ಟಿಗೆಯನ್ನು ಸೇತುವೆಯ ನಟ್ಟನಡುವೆ ಸರಪಳಿಯಿಂದ ತೂಗುಹಾಕಿಸಿದನಂತೆ, ಎರಡೂ ದಡಕ್ಕೆ ಸಮವಾಗಿ.