ಎಕ್ಸ್-ರೇ ಮಂಕಾಯಿತು, ಆದರೆ ಆರಲಿಲ್ಲ

ಎಕ್ಸ್-ರೇ ಜೋಡಿ ನಕ್ಷತ್ರಗಳ ಎಕ್ಸ್-ರೇ ಏರಿಳಿತದ ಗ್ರಾಫ್ ಹಿಡಿದು ಬರುವವರು ಇಳಿದ ಜಾಗ ತೋರಿಸಿ ಒಂದೇ ಮಾತು ಹೇಳುತ್ತಾರೆ: "ಇಲ್ಲಿ ಆಫ್ ಆಗಿದೆ." ಯಾರಿಗೆ ಆಫ್? ನಮಗೆ, ಅಷ್ಟೇ.

ಹರ್ಕ್ಯುಲಸ್ ಎಕ್ಸ್-1 ಅನ್ನುವ ಜೋಡಿ ತಗೊಳ್ಳಿ. ಒಂದು ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ನಕ್ಷತ್ರದ ಗಟ್ಟಿ ತಿರುಳು; ಜೊತೆಗೊಂದು ಮಾಮೂಲಿ ನಕ್ಷತ್ರ. ಜೊತೆಯದರ ಅನಿಲ ತಿರುಳಿನ ಮೇಲೆ ಬೀಳುವಾಗ ಎಕ್ಸ್-ರೇ ಹೊಮ್ಮುತ್ತದೆ. ನ್ಯೂಟ್ರಾನ್ ನಕ್ಷತ್ರ 1.24 ಸೆಕೆಂಡಿಗೊಮ್ಮೆ ಮಿಡಿಯುತ್ತದೆ. 1.7 ದಿನಕ್ಕೊಮ್ಮೆ ಜೋಡಿಯ ಸುತ್ತು ಮುಗಿಯುತ್ತದೆ. ಇದರ ಮೇಲೆ ಸುಮಾರು 35 ದಿನದ ಇನ್ನೊಂದು ಏರಿಳಿತ. ಹತ್ತು ದಿನದಷ್ಟು ಜೋರು, ಆಮೇಲೆ ಮಂಕು, ನಡುವೆ ಇನ್ನೊಮ್ಮೆ ಸಣ್ಣದಾಗಿ ಬೆಳಗಿ ಮತ್ತೆ ಮಂಕು. 1970ರ ದಶಕದ ಶುರುವಿನಲ್ಲೇ ಎಕ್ಸ್-ರೇ ನೋಡುವ ಉಹುರು ಉಪಗ್ರಹದಿಂದ ಇದು ಗೊತ್ತಾಯಿತು.

ಈಗ ಎಕ್ಸ್-ರೇ ಬಿಡಿ. ಜೊತೆಯ ನಕ್ಷತ್ರವನ್ನು ಮಾಮೂಲಿ ಬೆಳಕಿನಲ್ಲಿ ನೋಡಿ. ಎಕ್ಸ್-ರೇ ಬಿದ್ದು ಅದರ ಒಂದು ಮುಖ ಕಾದಿದೆ. ಆ ಮುಖ ನಮ್ಮ ಕಡೆ ಬಂದಾಗ ಬೆಳಕು ಜಾಸ್ತಿ, ಆ ಕಡೆ ಹೋದಾಗ ಕಮ್ಮಿ. ನಾವು ಆಫ್ ಅನ್ನುವ ದಿನಗಳಲ್ಲೂ ಈ 1.7 ದಿನದ ಏರಿಳಿತ ನಿಲ್ಲುವುದಿಲ್ಲ. ಒಲೆ ಆರಿದ್ದರೆ ಪಾತ್ರೆ ಹೇಗೆ ಕಾಯುತ್ತಿರುತ್ತದೆ, ಹೇಳಿ?

ಆರಿಲ್ಲ, ಅಡ್ಡ ಬಂದಿದೆ. ನ್ಯೂಟ್ರಾನ್ ನಕ್ಷತ್ರದ ಸುತ್ತ ಇರುವ ಅನಿಲದ ತಟ್ಟೆ ವಾಲಿಕೊಂಡು ಸೊಟ್ಟಗಾಗಿದೆ. ಅದು ಓಲಾಡುತ್ತಾ ಒಂದು ಸುತ್ತು ಬರಲು 35 ದಿನ ಬೇಕು. ಅದರ ಭಾಗಗಳು ನಮ್ಮ ನೋಟಕ್ಕೆ ಅಡ್ಡ ಬಂದಾಗ ಮಂಕು. ಎಕ್ಸ್-ರೇ ಒತ್ತಡವೇ ತಟ್ಟೆಯನ್ನು ಸೊಟ್ಟಗೆ ಮಾಡುತ್ತದೆ ಅನ್ನುವ ವಿವರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಎಲ್ಲ ಜೋಡಿಗಳಿಗೂ ಅದನ್ನೇ ಅಂಟಿಸಬೇಡಿ. ಹಾಗೇ, 35 ಅಂದರೆ ಕರಾರುವಾಕ್ಕಾಗಿ 35 ಅಲ್ಲ. ಬೆಳಗುವುದು ಸಾಮಾನ್ಯವಾಗಿ ಜೋಡಿಯ 1.7 ದಿನದ ಸುತ್ತು 20, 20.5 ಅಥವಾ 21 ಆದಾಗೊಮ್ಮೆ. ಎಸ್‌ಎಂಸಿ ಎಕ್ಸ್-1 ಅನ್ನುವ ಇನ್ನೊಂದು ಜೋಡಿ ಇನ್ನೂ ತುಂಟ, ಅದರದು 40ರಿಂದ 60 ದಿನದವರೆಗೆ ಓಡಾಡುತ್ತದೆ.

ನಮ್ಮ ವಿದ್ಯಾರ್ಥಿನಿ ಒಬ್ಬಳು 1999ರ ಡೇಟಾ ತಂದಿದ್ದಳು. ತಿಂಗಳುಗಟ್ಟಲೆ ಹರ್ಕ್ಯುಲಸ್ ಬೆಳಗೇ ಇಲ್ಲ. "ಸರ್, ಇದಂತೂ ನಿಜವಾಗ್ಲೂ ಆರಿದೆ ಅಲ್ವಾ?" ಬೆಳಕಿನ ಅಳತೆಯನ್ನು ಪಕ್ಕದಲ್ಲಿಟ್ಟು ನೋಡಮ್ಮ ಅಂದೆ. ಜೊತೆಯ ನಕ್ಷತ್ರ ಎಂದಿನಂತೆ ಕಾಯುತ್ತಲೇ ಇತ್ತು. ಅವಳು ಸುಮ್ನೆ ಬಿಡುವವಳಲ್ಲ. ಕೆಲವು ದಿನ ಬಿಟ್ಟು ಹಳೆಯ ಫೋಟೊ ಪ್ಲೇಟುಗಳ ಅಳತೆ ಹುಡುಕಿ ತಂದಳು. ಉಪಗ್ರಹಗಳಿಗೂ ಮುಂಚಿನ ಕಾಲದಲ್ಲಿ, ವರ್ಷಗಟ್ಟಲೆ, ಆ 1.7 ದಿನದ ದೊಡ್ಡ ಏರಿಳಿತವೇ ಇರಲಿಲ್ಲ. "ಇದಕ್ಕೆ ಆಫ್ ಅನ್ನಬಹುದಾ ಸರ್?" ಅನ್ನಬಹುದು, ಧಾರಾಳವಾಗಿ.

4ಯು 1820-30 ಅನ್ನುವ ಜೋಡಿ ಬೇರೆ ಜಾತಿ. ಜೋಡಿಯ ಸುತ್ತು ಬರೀ 11 ನಿಮಿಷ, ದೊಡ್ಡ ಏರಿಳಿತ 170 ದಿನದ ಆಸುಪಾಸು. ನ್ಯೂಟ್ರಾನ್ ನಕ್ಷತ್ರದ ಮೈಮೇಲಿನ ಸ್ಫೋಟಗಳು ಅಲ್ಲಿ ಮಂಕಾದ ಹೊತ್ತಿನಲ್ಲೇ ಕಾಣುತ್ತವೆ. ತಟ್ಟೆ ಬರೀ ಅಡ್ಡ ಬಂದಿದ್ದರೆ ಸ್ಫೋಟಗಳು ಹೀಗೆ ಹೊತ್ತು ನೋಡುತ್ತಿರಲಿಲ್ಲ. ಅಂದರೆ ಬೀಳುವ ಅನಿಲವೇ ಕಮ್ಮಿಯಾಗಿರಬೇಕು. ದೂರದಲ್ಲಿ ಮೂರನೇ ನಕ್ಷತ್ರವೊಂದು ಕೈಯಾಡಿಸುತ್ತಿದೆ ಅನ್ನುವ ಅನುಮಾನವೂ ಇದೆ. ಅಲ್ಲಿನ ಗ್ರಾಫ್ ತಂದು "ತಟ್ಟೆ ಅಡ್ಡ ಬಂದಿದೆ ಸರ್" ಅಂದವರನ್ನೂ ವಾಪಸ್ ಕಳಿಸುತ್ತೇನೆ.