ಯೇಸು ಹೇಳಿದ ‘ನಾನೇ’

ಸತ್ಯವೇದ (ಬೈಬಲ್) ತರಗತಿ ಶುರುವಾಗಿ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಹಿಂದಿನ ಸಾಲಿನವರು. “ಪಾಸ್ಟರ್, ‘ನಾನು ದೇವರು’ ಅಂತ ಯೇಸು ಎಲ್ಲಾದರೂ ನೇರವಾಗಿ ಹೇಳಿದ್ದಾರಾ?”

ಇಲ್ಲ. ಆ ಎರಡು ಪದ ಜೋಡಿಸಿ ಅವರು ಹೇಳಿದ್ದು ಅವರ ಬದುಕಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಸಿಗುವುದಿಲ್ಲ. ಹಾಗಂದ ಕೂಡಲೇ ಕೆಲವರ ಮುಖ ಸಪ್ಪಗಾಗುತ್ತದೆ. ಇನ್ನು ಕೆಲವರಿಗೆ ‘ನಾನು ಹೇಳಿರಲಿಲ್ವಾ’ ಎನ್ನುವ ಖುಷಿ. ಇಬ್ಬರಿಗೂ ನಾನು ‘ಸ್ವಲ್ಪ ತಾಳಿ’ ಅನ್ನುತ್ತೇನೆ. ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು ಬಹಳ ಇದೆ. ಅದನ್ನು ಯಾರ ಎದುರು, ಯಾವ ಹೊತ್ತಿನಲ್ಲಿ ಹೇಳಿದರು ಅಂತ ನೋಡದೆ ಹೋದರೆ ಮಾತು ಕೈಗೆ ಸಿಗುವುದಿಲ್ಲ.

ಯೋಹಾನನ ಸುವಾರ್ತೆಯಲ್ಲಿ ಅಂಥ ಏಳು ಮಾತುಗಳು ಪ್ರಸಿದ್ಧ. ಜೀವದ ರೊಟ್ಟಿ ನಾನೇ. ಲೋಕದ ಬೆಳಕು ನಾನೇ. ಕುರಿಗಳಿಗೆ ಬಾಗಿಲು ನಾನೇ. ಒಳ್ಳೆಯ ಕುರುಬ ನಾನೇ. ಪುನರುತ್ಥಾನವೂ ಜೀವವೂ ನಾನೇ. ಮಾರ್ಗವೂ ಸತ್ಯವೂ ಜೀವವೂ ನಾನೇ. ನಿಜವಾದ ದ್ರಾಕ್ಷಿಬಳ್ಳಿ ನಾನೇ. ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ ಈ ಮಾತುಗಳು ಈ ರೂಪದಲ್ಲಿ ಇಲ್ಲ. ಯೋಹಾನನದು ನಾಲ್ಕರಲ್ಲಿ ಕೊನೆಯದು, ಮೊದಲನೇ ಶತಮಾನದ ಕೊನೆಯ ಹೊತ್ತಿಗೆ ಬರೆದದ್ದು ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಂದರೆ ಈ ಮಾತುಗಳ ಹಿಂದೆ ಹಲವು ದಶಕಗಳ ಪ್ರಾರ್ಥನೆ, ಚಿಂತನೆ ಇದೆ. ತರಗತಿಯಲ್ಲಿ ನಾನು ಇದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ನಾಳೆ ಬೇರೆ ಯಾರೋ ಹೇಳುತ್ತಾರೆ. ಆಗ ನಾನು ಹೇಳಿದ ಉಳಿದದ್ದನ್ನೂ ಯಾರೂ ನಂಬುವುದಿಲ್ಲ.

ಈಗ ಸ್ವಲ್ಪ ವ್ಯಾಕರಣ. ಮೂಲ ಗ್ರೀಕಿನಲ್ಲಿ ಈ ‘ನಾನೇ’ಗೆ ಇರುವುದು ‘ಎಗೋ ಎಯ್ಮಿ’. ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಾಕೆಂದರೆ ಗ್ರೀಕ್ ಕ್ರಿಯಾಪದವೂ ನಮ್ಮದರ ಹಾಗೆಯೇ. ‘ಬಂದೆ’ ಅಂದರೆ ಸಾಕು, ಬಂದದ್ದು ನಾನು ಅಂತ ಗೊತ್ತಾಗುತ್ತದೆ. ಹಾಗೆಯೇ ‘ಎಯ್ಮಿ’ ಎನ್ನುವುದರಲ್ಲೇ ‘ನಾನು’ ಅಡಗಿದೆ. ಅದರ ಮುಂದೆ ಮತ್ತೆ ‘ಎಗೋ’ ಸೇರಿಸಿದರೆ ಒತ್ತು ಬೀಳುತ್ತದೆ. ನಾವು ‘ನಾನು’ ಅನ್ನುವ ಬದಲು ‘ನಾನೇ’ ಅಂದ ಹಾಗೆ.

ಆದರೆ ಈ ಎರಡು ಪದ ಕಂಡಲ್ಲೆಲ್ಲ ದೇವರ ಹೆಸರೇ ಬಂತು ಅಂತ ಹಾರಬಾರದು. ಯೋಹಾನನ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನಿಗೆ ಕಣ್ಣು ಬರುತ್ತದೆ. ‘ಇವನು ಭಿಕ್ಷೆ ಬೇಡುತ್ತಿದ್ದವನಲ್ವಾ’ ಅಂತ ಅಕ್ಕಪಕ್ಕದವರು ಗುಸುಗುಸು ಮಾಡಿದಾಗ ಅವನು ಹೇಳುವುದೂ ಅದೇ ‘ಎಗೋ ಎಯ್ಮಿ’. ಹೌದಪ್ಪಾ, ನಾನೇ. ಅಷ್ಟೇ ಅರ್ಥ. ಪದಕ್ಕೆ ತೂಕ ಬರುವುದು ಅದನ್ನು ಹೇಳಿದ ಜಾಗದಿಂದ.

ಎಂಟನೇ ಅಧ್ಯಾಯದ ಕೊನೆ ನೋಡಿ. ಯೆರೂಸಲೇಮಿನ ದೇವಾಲಯದಲ್ಲಿ ವಾದ ಕಾವೇರಿದೆ. “ನಿನಗೆ ಇನ್ನೂ ಐವತ್ತು ವರ್ಷ ಆಗಿಲ್ಲ, ಅಬ್ರಹಾಮನನ್ನು ನೋಡಿದ್ದೀಯಾ?” ಅಂತ ಜನ ಅಣಕಿಸುತ್ತಾರೆ. ಅಬ್ರಹಾಮ ಅಂದರೆ ಎಷ್ಟೋ ಶತಮಾನ ಹಿಂದಿನ, ಅವರ ಜನಾಂಗದ ಮೂಲಪುರುಷ. ಯೇಸುವಿನ ಉತ್ತರ: ಅಬ್ರಹಾಮನು ಹುಟ್ಟುವುದಕ್ಕೆ ಮುಂಚೆಯೇ ನಾನು ಇದ್ದೇನೆ. ‘ಇದ್ದೆ’ ಅಂದಿದ್ದರೆ ವ್ಯಾಕರಣ ಸರಿಹೋಗುತ್ತಿತ್ತು. ಅವರು ‘ಇದ್ದೇನೆ’ ಅಂದರು. ಕೇಳಿದವರು ಅವರನ್ನು ಹೊಡೆಯಲು ಕಲ್ಲು ಎತ್ತಿಕೊಂಡರು. ಅವರಿಗೆ ತಮ್ಮ ಹಿರಿಯರನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದ ಮೋಶೆಯ ಕಥೆ ಬಾಯಿಪಾಠ. ಉರಿಯುವ ಪೊದೆಯ ಮುಂದೆ ನಿಂತು ಮೋಶೆ ದೇವರ ಹೆಸರು ಕೇಳಿದಾಗ ಬಂದ ಉತ್ತರ ‘ಇರುವಾತನೇ ಆಗಿದ್ದೇನೆ’ ಎಂದು. ಆ ವಾಕ್ಯದ ಹಳೆಯ ಗ್ರೀಕ್ ಅನುವಾದ ಶುರುವಾಗುವುದೇ ಈ ಎರಡು ಪದಗಳಿಂದ. ಹಾಗಾಗಿ ಆ ಪ್ರಶ್ನೆ ಕೇಳಿದವರಿಗೆ ನಾನು ಈ ಕಲ್ಲುಗಳನ್ನು ತೋರಿಸುತ್ತೇನೆ. ಯೇಸು ಏನು ಹೇಳಿದರು ಅನ್ನುವುದು ಅಲ್ಲಿದ್ದವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಅರ್ಥವಾದದ್ದನ್ನು ಮಾತಲ್ಲಿ ಹಿಡಿಯಲು ಸಭೆಗೆ ಶತಮಾನಗಳೇ ಬೇಕಾದವು. ‘ತಂದೆ ನನಗಿಂತ ದೊಡ್ಡವನು’ ಎಂಬ ಯೇಸುವಿನ ಮಾತನ್ನು, ಮಗ ತಂದೆಗೆ ಸಮನಲ್ಲ ಎಂದು ಬೋಧಿಸಿದ ಆರಿಯಸನ ಕಡೆಯವರು ಹಿಡಿದುಕೊಂಡರು. ‘ನಾನೂ ತಂದೆಯೂ ಒಂದಾಗಿದ್ದೇವೆ’ ಎಂಬುದನ್ನು ಅವರ ಎದುರಾಳಿಗಳು ಹಿಡಿದರು. ಎರಡೂ ಯೋಹಾನನ ಸುವಾರ್ತೆಯದೇ ಮಾತುಗಳು. 325ರಲ್ಲಿ ನಿಕೇಯಾದಲ್ಲಿ ಸೇರಿದ ಬಿಷಪರ ಮಹಾಸಭೆ, ಮಗನೂ ತಂದೆಯೂ ಒಂದೇ ಸತ್ವ ಎಂದಿತು. 451ರಲ್ಲಿ ಖಾಲ್ಸೆದೋನಿನ ಮಹಾಸಭೆ, ಆತ ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದಿತು. ಈ ಸೂತ್ರಗಳ ಮೇಲೆ ನನಗೆ ಗೌರವ ಇದೆ. ಆದರೆ ಸೂತ್ರ ಬಾಯಿಪಾಠ ಮಾಡಿದವರು ಯೇಸುವಿನ ಮಾತನ್ನು ಕೇಳಿಸಿಕೊಂಡರು ಅಂತ ಹೇಳಲಾರೆ. ನಾನೇ ಅದಕ್ಕೆ ಸಾಕ್ಷಿ. ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದಿತ್ತು, ಅಷ್ಟೇ.

ರೊಟ್ಟಿಯ ಮಾತು ತೆಗೆದುಕೊಳ್ಳಿ. ಹಿಂದಿನ ದಿನ ಐದು ಸಾವಿರ ಜನ ಹೊಟ್ಟೆ ತುಂಬ ತಿಂದಿದ್ದಾರೆ. ಮರುದಿನ ಹುಡುಕಿಕೊಂಡು ಕಪೆರ್ನೌಮಿಗೆ ಬರುತ್ತಾರೆ. ‘ನಮ್ಮ ಹಿರಿಯರು ಅಡವಿಯಲ್ಲಿ ಮನ್ನ ತಿಂದರು, ನೀನೇನು ಮಾಡುತ್ತೀ’ ಅಂತ ಕೇಳುತ್ತಾರೆ. ಮನ್ನ ಅಂದರೆ ಮೋಶೆಯ ಕಾಲದಲ್ಲಿ ದೇವರು ಆಕಾಶದಿಂದ ಕೊಟ್ಟ ಆಹಾರ. ಇನ್ನೊಂದು ಊಟ ಕೊಟ್ಟು ಕಳಿಸಿದ್ದರೆ ಎಲ್ಲರೂ ಖುಷಿಯಾಗಿ ಹೋಗುತ್ತಿದ್ದರು. ಯೇಸು ‘ರೊಟ್ಟಿ ಕೊಡುತ್ತೇನೆ’ ಅನ್ನುವಲ್ಲಿಗೆ ನಿಲ್ಲಲಿಲ್ಲ, ‘ರೊಟ್ಟಿಯೇ ನಾನು’ ಅಂದರು. ‘ಇದು ಕಠಿಣವಾದ ಮಾತು’ ಅಂತ ಎಷ್ಟೋ ಶಿಷ್ಯರು ಅವತ್ತೇ ಬಿಟ್ಟು ಹೋದರು. ಹನ್ನೆರಡು ಜನರನ್ನು ನೋಡಿ ‘ನೀವೂ ಹೋಗುತ್ತೀರಾ?’ ಅಂತ ಕೇಳಿದಾಗ ಪೇತ್ರ ಹೇಳಿದ: “ಸ್ವಾಮೀ, ಯಾರ ಹತ್ತಿರ ಹೋಗೋಣ?” ಅರ್ಥವಾಯಿತು ಅಂತ ಅವನು ಹೇಳಲಿಲ್ಲ. ಹೋಗಲು ಬೇರೆ ಜಾಗ ಇಲ್ಲ ಅಂದ. ನಂಬಿಕೆ ಅಂದರೇನು ಅಂತ ಕೇಳುವವರಿಗೆ ನಾನು ತೋರಿಸುವ ಮೊದಲ ವಾಕ್ಯ ಅದು.

ಗಮನಿಸಿದ್ದೀರಾ? ಆ ಏಳರಲ್ಲಿ ಹೆಚ್ಚಿನವು ತಮಗಾಗಿ ಇರುವ ವಸ್ತುಗಳೇ ಅಲ್ಲ. ರೊಟ್ಟಿ ಇರುವುದು ತಿನ್ನುವವರಿಗೆ. ಬೆಳಕನ್ನು ಯಾರೂ ನೋಡುತ್ತಾ ಕೂರುವುದಿಲ್ಲ, ಅದರಲ್ಲಿ ಬೇರೆಯದನ್ನು ನೋಡುತ್ತಾರೆ. ಬಾಗಿಲು ಇರುವುದು ದಾಟುವುದಕ್ಕೆ. ದಾರಿ ನಡೆಯುವುದಕ್ಕೆ. ದೇವರ ಹೆಸರನ್ನೇ ತನ್ನದಾಗಿ ಹೇಳಿಕೊಂಡವರು ಆ ಹೆಸರಿಗೆ ಜೋಡಿಸಿದ್ದು ಸಿಂಹಾಸನವನ್ನಲ್ಲ, ರೊಟ್ಟಿ ಬಾಗಿಲುಗಳನ್ನು. ನನ್ನ ಮಟ್ಟಿಗೆ ಕ್ರೈಸ್ತ ನಂಬಿಕೆ ನಿಂತಿರುವುದೇ ಇಲ್ಲಿ. ‘ಬರೀ ಒಳ್ಳೆಯ ಗುರು’ ಅನ್ನುವವರು ಆ ‘ನಾನೇ’ಯನ್ನು ಬಿಟ್ಟುಬಿಡುತ್ತಾರೆ. ಬರೀ ಮಹಿಮೆ ಹಾಡುವವರು ರೊಟ್ಟಿಯನ್ನು ಬಿಟ್ಟುಬಿಡುತ್ತಾರೆ. ಎರಡನೆಯ ತಪ್ಪು ನಮ್ಮ ಸಭೆಗಳಲ್ಲಿ ಜಾಸ್ತಿ.

ಬಾಗಿಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕುರುಬನು ಹಟ್ಟಿಯ ಬಾಯಿಗೆ ಅಡ್ಡ ಮಲಗಿ ತಾನೇ ಬಾಗಿಲಾಗುತ್ತಿದ್ದ ಎಂಬ ಕಥೆ ಪ್ರಸಂಗಗಳಲ್ಲಿ ಬಹಳ ಓಡುತ್ತದೆ. ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಈಗ ಬಿಟ್ಟಿದ್ದೇನೆ, ಯಾಕೆಂದರೆ ಅದಕ್ಕಿಂತ ದೊಡ್ಡ ವಿಷಯ ಅದೇ ಪುಟದಲ್ಲಿದೆ. ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ. ಒಂಬತ್ತರಿಂದ ಹತ್ತಕ್ಕೆ ನಿಲ್ಲದೆ ಓದಿ ನೋಡಿ. ಕಣ್ಣು ಬಂದ ಆ ಮನುಷ್ಯನನ್ನು ಧರ್ಮದ ಹಿರಿಯರು ವಿಚಾರಣೆ ಮಾಡುತ್ತಾರೆ, ಬೈಯುತ್ತಾರೆ, ಕೊನೆಗೆ ಹೊರಗೆ ಹಾಕುತ್ತಾರೆ. ಅವನ ತಂದೆತಾಯಿ ಕೂಡ ‘ಅವನನ್ನೇ ಕೇಳಿ’ ಅಂತ ಜಾರಿಕೊಂಡಿದ್ದಾರೆ. ಹೊರಗೆ ಬಿದ್ದವನನ್ನು ಯೇಸು ಹುಡುಕಿಕೊಂಡು ಹೋಗುತ್ತಾರೆ. ಆ ಮಾತುಕತೆ ಮುಂದುವರಿದೇ ‘ಬಾಗಿಲು ನಾನೇ’ ಬರುವುದು. ಮುಖದ ಮೇಲೆ ಬಾಗಿಲು ಹಾಕಿಸಿಕೊಂಡವನೊಬ್ಬ ಎದುರಿಗಿದ್ದಾಗ ಹೇಳಿದ ಮಾತು ಅದು. ಯಾರನ್ನಾದರೂ ಸಭೆಯಿಂದ ದೂರ ಇಡುವ ಚರ್ಚೆ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಹಿತವಾದ ನೆನಪೇನಲ್ಲ.

ಅದರ ಬೆನ್ನಿಗೇ ಬರುವ ‘ಒಳ್ಳೆಯ ಕುರುಬ’ ಮಾತು ಚಿತ್ರಗಳಲ್ಲಿ ಕಾಣುವಷ್ಟು ಮೆತ್ತಗಿಲ್ಲ. ಯೆಹೆಜ್ಕೇಲನ ಗ್ರಂಥದ 34ನೇ ಅಧ್ಯಾಯದಲ್ಲಿ ದೇವರು ಇಸ್ರಾಯೇಲಿನ ನಾಯಕರನ್ನು ಕಟುವಾಗಿ ಬೈಯುತ್ತಾನೆ. ನೀವು ಕುರಿಗಳನ್ನು ಮೇಯಿಸದೆ ನಿಮ್ಮನ್ನೇ ಮೇಯಿಸಿಕೊಂಡಿರಿ, ಇನ್ನು ನಾನೇ ನನ್ನ ಕುರಿಗಳನ್ನು ಮೇಯಿಸುತ್ತೇನೆ ಎನ್ನುತ್ತಾನೆ. ಹಾಗಾಗಿ ‘ಕುರುಬ ನಾನೇ’ ಅಂದದ್ದು ನಾಯಕರ ಮೇಲೆ ತೀರ್ಪು. ದೇವರು ತಾನೇ ಮಾಡುತ್ತೇನೆ ಎಂದ ಕೆಲಸವನ್ನು ಯೇಸು ಕೈಗೆತ್ತಿಕೊಂಡರು ಎಂದೂ ಅರ್ಥ. ದ್ರಾಕ್ಷಿಬಳ್ಳಿಯದೂ ಹೀಗೆಯೇ. ಹಳೆ ಒಡಂಬಡಿಕೆಯಲ್ಲಿ ಬಳ್ಳಿ ಅಂದರೆ ಇಸ್ರಾಯೇಲ್ ಜನಾಂಗ. ರಾಜ ಹೆರೋದನು ಕಟ್ಟಿಸಿದ ಯೆರೂಸಲೇಮಿನ ದೇವಾಲಯದ ಬಾಗಿಲ ಮೇಲೆ ಚಿನ್ನದ ದ್ರಾಕ್ಷಿಬಳ್ಳಿ ಇತ್ತು ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂಥ ಜನರ ನಡುವೆ ‘ನಿಜವಾದ ಬಳ್ಳಿ ನಾನೇ’ ಅಂದರು ಯೇಸು.

ಮಾರ್ಥಳ ಹತ್ತಿರ ಬಂದರೆ ನಾನು ನಿಧಾನ ಮಾಡುತ್ತೇನೆ. ‘ಪುನರುತ್ಥಾನವೂ ಜೀವವೂ ನಾನೇ’ ಎಂಬ ವಾಕ್ಯ ಓದದೆ ಒಂದು ಅಂತ್ಯಕ್ರಿಯೆಯನ್ನೂ ನಾನು ನಡೆಸಿಲ್ಲ. ಆದರೆ ಆ ವಾಕ್ಯ ಬಂದ ಮನೆ ನೋಡಿ. ಮಾರ್ಥಳ ತಮ್ಮ ಲಾಜರ ಸತ್ತು ಸಮಾಧಿಯಲ್ಲಿ ನಾಲ್ಕು ದಿನದಿಂದ ಇದ್ದಾನೆ. ಸುದ್ದಿ ಮುಟ್ಟಿದ್ದರೂ ಯೇಸು ತಡವಾಗಿ ಬಂದಿದ್ದಾರೆ. ಮಾರ್ಥ ದಾರಿಯಲ್ಲೇ ಎದುರಾಗುತ್ತಾಳೆ. “ಸ್ವಾಮೀ, ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ.” ಅದರಲ್ಲಿ ನಂಬಿಕೆಯೂ ಇದೆ, ದೂರೂ ಇದೆ. ನಿನ್ನ ತಮ್ಮ ಎದ್ದು ಬರುತ್ತಾನೆ ಅಂದಾಗ ಅವಳು ‘ಕಡೇ ದಿನದಲ್ಲಿ ಏಳುತ್ತಾನೆ, ಗೊತ್ತು’ ಅನ್ನುತ್ತಾಳೆ. ಸರಿಯಾದ ಉತ್ತರವೇ. ದುಃಖದಲ್ಲಿರುವವರು ಪಾಸ್ಟರಿಗೆ ಕೊಡುವ ಉತ್ತರ ಹೆಚ್ಚಾಗಿ ಹೀಗೇ ಇರುತ್ತದೆ. ಆಗ ಯೇಸು ಆ ದೂರದ ದಿನದಿಂದ ಅವಳ ಕಣ್ಣನ್ನು ತಮ್ಮ ಕಡೆಗೆ ತಿರುಗಿಸುತ್ತಾರೆ: ಪುನರುತ್ಥಾನ ನಾನೇ.

‘ಇದನ್ನು ನಂಬುತ್ತೀಯಾ?’ ಅಂತಲೂ ಅವರು ಕೇಳುತ್ತಾರೆ. ಸಮಾಧಿಯ ಪಕ್ಕ ನಾನು ಯಾರನ್ನೂ ಆ ಪ್ರಶ್ನೆ ಕೇಳುವುದಿಲ್ಲ. ಕೇಳುವ ಹಕ್ಕು ಅವರಿಗಿತ್ತು, ನನಗಿಲ್ಲ. ಮೊದಲೆಲ್ಲ ಆ ವಾಕ್ಯದ ಹತ್ತಿರವೇ ಓದು ನಿಲ್ಲಿಸುತ್ತಿದ್ದೆ. ಈಗ ಇನ್ನೂ ಹತ್ತು ವಚನ ಮುಂದೆ, ‘ಯೇಸು ಕಣ್ಣೀರು ಬಿಟ್ಟರು’ ಎಂಬಲ್ಲಿವರೆಗೆ ಓದುತ್ತೇನೆ. ಸಾವನ್ನು ಗೆಲ್ಲುವವರು ಸಾವಿನ ಮನೆಯಲ್ಲಿ ಅತ್ತರು ಅನ್ನುವುದನ್ನು ಬಂದವರು ಕೇಳಿಸಿಕೊಳ್ಳಲಿ ಅಂತ.

ಇನ್ನು ಎಲ್ಲಕ್ಕಿಂತ ಹೆಚ್ಚು ಜಗಳಕ್ಕೆ ಬಳಕೆಯಾಗುವ ಮಾತು. ‘ಮಾರ್ಗವೂ ಸತ್ಯವೂ ಜೀವವೂ ನಾನೇ, ನನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರುವುದಿಲ್ಲ.’ ಇದನ್ನು ಕೋಲಿನ ಹಾಗೆ ಬೀಸುವವರನ್ನು ನೋಡಿದ್ದೇನೆ. ಅದು ಹುಟ್ಟಿದ್ದು ವಾದದ ವೇದಿಕೆಯಲ್ಲಿ ಅಲ್ಲ. ಯೇಸುವನ್ನು ಶತ್ರುಗಳಿಗೆ ಹಿಡಿದುಕೊಟ್ಟ ರಾತ್ರಿ, ಊಟದ ಮನೆಯಲ್ಲಿ, ಹೆದರಿದ ಗೆಳೆಯರ ನಡುವೆ. ‘ನೀವು ಎಲ್ಲಿಗೆ ಹೋಗುತ್ತೀರೋ ಗೊತ್ತಿಲ್ಲ, ದಾರಿ ಹೇಗೆ ಗೊತ್ತಾಗಬೇಕು’ ಅಂತ ಶಿಷ್ಯ ತೋಮ ಕೇಳಿದ್ದಕ್ಕೆ ಬಂದ ಸಮಾಧಾನ ಅದು. ಹಾಗಂತ ವಾಕ್ಯದ ಎರಡನೇ ಅರ್ಧವನ್ನು ನಾನು ಅಳಿಸಲಾರೆ. ಯೇಸುವಿನ ಹೊರತು ರಕ್ಷಣೆ ಇಲ್ಲ ಎನ್ನುವುದು ಹೆಚ್ಚಿನ ಸಭೆಗಳ ನಂಬಿಕೆ, ನನ್ನದೂ ಹೌದು. ಆದರೆ ಯೇಸುವಿನ ಹೆಸರೇ ಕೇಳದೆ ಪ್ರಾಮಾಣಿಕವಾಗಿ ದೇವರನ್ನು ಹುಡುಕಿದವರ ಗತಿಯೇನು ಎಂಬ ಪ್ರಶ್ನೆಯಲ್ಲಿ ಕ್ರೈಸ್ತರು ಒಂದೇ ಮಾತಿನವರಲ್ಲ. ಅಂಥವರೂ ರಕ್ಷಣೆ ಹೊಂದಬಹುದು ಎಂದು ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ. ಅದನ್ನು ಒಪ್ಪದ ಸಭೆಗಳೂ ಇವೆ. ಆ ತೀರ್ಪನ್ನು ಕೊಡುವ ಕುರ್ಚಿಯಲ್ಲಿ ನಾನು ಕೂತಿಲ್ಲ ಅನ್ನುವುದು ನನಗೆ ದೊಡ್ಡ ನೆಮ್ಮದಿ.

ಯೋಹಾನನ ಹೊರಗೂ ಒಂದು ಹೆಸರಿದೆ. ಯೇಸು ತಮ್ಮನ್ನು ಅತಿ ಹೆಚ್ಚು ಸಲ ಕರೆದುಕೊಂಡದ್ದು ‘ಮನುಷ್ಯಕುಮಾರ’ ಎಂದು. ನಾಲ್ಕು ಸುವಾರ್ತೆಗಳಲ್ಲಿ ಸುಮಾರು 80 ಸಲ ಬರುತ್ತದೆ, ಹೆಚ್ಚುಕಡಿಮೆ ಎಲ್ಲವೂ ಅವರ ಬಾಯಲ್ಲೇ. ಅಪೊಸ್ತಲ ಪೌಲ ಸಭೆಗಳಿಗೆ ಬರೆದ ಪತ್ರಗಳಲ್ಲಿ ಅವರಿಗೆ ಈ ಹೆಸರಿಲ್ಲ. ಕೇಳಲು ಸುಮ್ನೆ ‘ಒಬ್ಬ ಮನುಷ್ಯ’ ಅಂದ ಹಾಗೆ. ದಾನಿಯೇಲನ ಏಳನೇ ಅಧ್ಯಾಯ ಬಲ್ಲವರಿಗೆ ಮಾತ್ರ ಅದು ಮೇಘಗಳೊಡನೆ ಬಂದು ಶಾಶ್ವತ ರಾಜ್ಯವನ್ನು ಪಡೆಯುವವನ ಹೆಸರು. ಮಾರ್ಕನ ಸುವಾರ್ತೆಯಲ್ಲಿ ಅದೇ ಮನುಷ್ಯಕುಮಾರ ಸೇವೆ ಮಾಡಿಸಿಕೊಳ್ಳಲು ಬರಲಿಲ್ಲ, ಸೇವೆ ಮಾಡಲು ಬಂದನು. ಮತ್ತೆ ಅದೇ ಜೋಡಿ, ಮಹಿಮೆಯೂ ರೊಟ್ಟಿಯೂ, ಅಲ್ವಾ?

ತರಗತಿಯ ಕೊನೇ ವಾರ ನಾನು ಯೋಹಾನನ 18ನೇ ಅಧ್ಯಾಯ ಓದಿಸುತ್ತೇನೆ. ಪಂಜು, ಆಯುಧ ಹಿಡಿದು ಬಂದವರಿಗೆ ಯೇಸು “ಯಾರನ್ನು ಹುಡುಕುತ್ತೀರಿ?” ಅಂತ ಕೇಳುತ್ತಾರೆ. “ನಜರೇತಿನ ಯೇಸುವನ್ನು.” “ನಾನೇ.” ಬಂದವರು ಹಿಂದೆ ಸರಿದು ನೆಲಕ್ಕೆ ಬೀಳುತ್ತಾರೆ. ನನ್ನನ್ನು ಹುಡುಕುವುದಾದರೆ ಇವರನ್ನು ಹೋಗಲು ಬಿಡಿ ಅನ್ನುತ್ತಾರೆ ಯೇಸು. ಸ್ವಲ್ಪ ಹೊತ್ತಿಗೆ, ಮಹಾಯಾಜಕನ ಅಂಗಳದಲ್ಲಿ, ಇದ್ದಲ ಬೆಂಕಿಯ ಹತ್ತಿರ, ‘ನೀನೂ ಅವನ ಶಿಷ್ಯನಲ್ವಾ’ ಅಂತ ಪೇತ್ರನನ್ನು ಕೇಳುತ್ತಾರೆ. ಅವನು ‘ನಾನಲ್ಲ’ ಅನ್ನುತ್ತಾನೆ. ಗ್ರೀಕಿನಲ್ಲಿ ‘ಊಕ್ ಎಯ್ಮಿ’. ಒಬ್ಬರು ‘ನಾನೇ’ ಅಂದು ಉಳಿದವರನ್ನು ಬಿಡಿಸಿದರು, ಇನ್ನೊಬ್ಬ ‘ನಾನಲ್ಲ’ ಅಂದು ತನ್ನನ್ನು ಬಿಡಿಸಿಕೊಂಡ.

ಇದ್ದಲ ಬೆಂಕಿ ಆ ಸುವಾರ್ತೆಯಲ್ಲಿ ಇನ್ನೊಂದೇ ಒಂದು ಸಲ ಬರುತ್ತದೆ. ಯೇಸು ಸಾವಿನಿಂದ ಎದ್ದ ಮೇಲೆ, ಸರೋವರದ ದಡದಲ್ಲಿ. ಬೆಂಕಿಯ ಮೇಲೆ ಮೀನು, ಜೊತೆಗೆ ರೊಟ್ಟಿ. ಊಟ ಮುಗಿಯುವವರೆಗೆ ಯೇಸು ಏನೂ ಕೇಳುವುದಿಲ್ಲ. ಆಮೇಲೆ ಪೇತ್ರನನ್ನು ಮೂರು ಸಲ ಕೇಳುತ್ತಾರೆ. ನಾನು ಯಾರು ಅಂತ ಕೇಳಲಿಲ್ಲ. “ನನ್ನನ್ನು ಪ್ರೀತಿಸುತ್ತೀಯಾ?” ಅಂದರು. ಪ್ರತಿ ಸಲವೂ ಅವನ ಉತ್ತರದ ಬೆನ್ನಿಗೆ ಕುರಿಗಳನ್ನು ಅವನ ಕೈಗೆ ಒಪ್ಪಿಸಿದರು.