ಹಗ್ಗವನ್ನೂ ಬಿಗಿ, ಕೆನ್ನೆಗೂ ಬಿಗಿ: ಎರಡೂ ಒಂದೇ ಪದವಾ?

ಪ್ರಶ್ನೆ: ಕಬ್ಬಿನ ಗಾಡಿಗೆ ಹಗ್ಗ ಬಿಗಿಯುತ್ತೇವೆ. ಸಿಟ್ಟು ಬಂದರೆ ಕೆನ್ನೆಗೆ ಬಿಗಿಯುತ್ತೇವೆ. ಕಟ್ಟುವುದಕ್ಕೂ ಹೊಡೆಯುವುದಕ್ಕೂ ಒಂದೇ ಪದ ಹೇಗೆ ಬಂತು?

ಒಂದೇ ಪದ. ಅದರ ತಿರುಳು ಇಷ್ಟೇ: ಸಡಿಲ ಇರಬಾರದು.

ಮಂಡ್ಯದ ಕಡೆ ಆಲೆಮನೆಗೆ ಕಬ್ಬು ತುಂಬುವುದನ್ನು ನಿಂತು ನೋಡಿ. ಗಾಡಿಯ ಮೇಲೊಬ್ಬ, ಕೆಳಗೊಬ್ಬ. ಕೆಳಗಿನವನು ಗಾಡಿಗೆ ಕಾಲು ಒದೆಕೊಟ್ಟು, ಮೈಭಾರವೆಲ್ಲ ಹಿಂದಕ್ಕೆ ಹಾಕಿ ಹಗ್ಗ ಜಗ್ಗುತ್ತಾನೆ. "ಇನ್ನೊಸಿ ಬಿಗಿ ಕಣ್ಲಾ" ಅಂತ ಮೇಲಿನವನ ಕೂಗು. ಜಲ್ಲೆಗಳು ಕಿರ್ರೆಂದು ಒಂದಕ್ಕೊಂದು ಒತ್ತಿಕೊಂಡ ಮೇಲೇ ಗಂಟು. ಸುಮ್ನೆ ಸುತ್ತಿದರೆ ಅದು ಕಟ್ಟಿದ್ದು. ಅಲುಗದ ಹಾಗೆ ಎಳೆದರೆ ಬಿಗಿದದ್ದು. ಇಷ್ಟು ಸಣ್ಣ ವ್ಯತ್ಯಾಸಕ್ಕೂ ನಮ್ಮ ಭಾಷೆ ಒಂದು ಪದ ಇಟ್ಟುಕೊಂಡಿದೆಯಲ್ಲ, ನನಗದು ತುಂಬ ಇಷ್ಟ.

ಪದ ಅಚ್ಚ ದ್ರಾವಿಡ. ತುಳುವಿನಲ್ಲೂ 'ಬಿಗಿ' ಇದೆ, ತೆಲುಗಿನಲ್ಲೂ ಇದೆ. ಅಲ್ಲಿ 'ಬಿಗಿಂಚು' ಅಂದರೆ ಬಿಗಿಮಾಡು. ನಮ್ಮಲ್ಲಿ 'ಬಿಗು' ಅನ್ನುವ ಇನ್ನೊಂದು ರೂಪವೂ ಉಳಿದಿದೆ. ಕಾವೇರಿ ಗಲಾಟೆ ಎದ್ದಾಗ ಪತ್ರಿಕೆಗಳಲ್ಲಿ 'ಬಿಗುವಿನ ವಾತಾವರಣ' ಅಂತ ಓದಿರುತ್ತೀರಿ, ಅದೇ. ಇನ್ನು ಬೆಂಕಿಗೆ ಹಿಡಿದ ತಮಟೆಯ ಚರ್ಮ ಬಿಗಿಯುತ್ತದೆ. ಅಳು ನುಂಗಿದಾಗ ಗಂಟಲು ಬಿಗಿದು ಬರುತ್ತದೆ. ಅಲ್ಲಿ ಎಳೆದು ಕಟ್ಟುವ ಕೈಯೇ ಇಲ್ಲ, ತಾನಾಗಿಯೇ ಬಿಗಿಯುತ್ತದೆ.

ಈಗ ಹೊಡೆತಕ್ಕೆ ಬರೋಣ. 'ಕೆನ್ನೆಗೆ ಎರಡು ಬಿಗಿದ' ಅನ್ನುತ್ತೇವೆ. ಎರಡು ಏನು? ಏಟು. ಮಾತಿನಲ್ಲಿ 'ಏಟು' ಬಿದ್ದುಹೋಗಿ ಲೆಕ್ಕ ಮಾತ್ರ ಉಳಿದಿದೆ. ಮೆಲ್ಲಗೆ ತಟ್ಟಿದರೆ ಯಾರೂ ಅದನ್ನು ಬಿಗಿದ ಅನ್ನುವುದಿಲ್ಲ ಅಲ್ವಾ? ಕೈಯನ್ನು ಸಡಿಲ ಬಿಡದೆ, ಪೂರ್ತಿ ಬಲ ಹಾಕಿ ಕೊಟ್ಟರೆ ಮಾತ್ರ ಬಿಗಿದದ್ದು. ಹಗ್ಗ ಜಗ್ಗುವಾಗಿನ ಆ ಬಲವೇ ಏಟಿಗೂ ಬಂದಿದೆ ಅಂತ ನನ್ನ ಎಣಿಕೆ.

ಹೀಗೆ ಎರಡೂ ಕಡೆ ದುಡಿಯುವ ಪದಗಳು ಇನ್ನೂ ಇವೆ. ಬಾಗಿಲಿಗೆ ಬೀಗ ಜಡಿಯುತ್ತೇವೆ, ಬೆನ್ನಿಗೂ ಜಡಿಯುತ್ತೇವೆ. ಹುಬ್ಬು ಗಂಟಿಕ್ಕುತ್ತೇವೆ, 'ಎರಡು ಇಕ್ತೀನಿ ನೋಡು' ಅಂತಲೂ ಗದರುತ್ತೇವೆ.

ಹಾಗಿದ್ದೂ ಕೇಳುವವರಿಗೆ ಗೊಂದಲ ಆಗುವುದಿಲ್ಲ. ಹಗ್ಗ, ಬೆಲ್ಟು, ನಟ್ಟು ಅಂತ ವಸ್ತುವಿನ ಹೆಸರಿದ್ದರೆ ಅದು ಬಿಗಿಮಾಡುವ ಮಾತು. ವಸ್ತುವಿನ ಹೆಸರಿಲ್ಲದೆ ಬರೀ ಒಂದೋ ಎರಡೋ ಅಂತ ಲೆಕ್ಕ ಬಂದರೆ ಅದು ಏಟು.